ಗಾಡಿ ಮಾರುವ ಕಾಕಾ

ತನ್ನ ಬಾಳಿನ ಮೊದಲನೆಯ ಕಾರನ್ನು ಬೀಳ್ಕೊಡಲು ಉದ್ಯುಕ್ತನಾದ ಮನುಷ್ಯನನ್ನು ನೆರೆಯವನಾಗಿಯೋ ಬಂಧುವಾಗಿಯೋ ಪಡೆದವರಿಗೆ ನಾನು ಹೇಳಹೊರಟಿರುವುದು ಹೊಸದೇನೂ ಅಲ್ಲ. ಹಾಗೆ ಪಡೆಯದ ಪುಣ್ಯವಂತರಿಗೆ ಮಾತ್ರ ಇಷ್ಟನ್ನು ಮೊದಲೇ ತಿಳಿಸಿಬಿಡುತ್ತೇನೆ: ಈ ವರ್ಗದವರು ಗಾಡಿಯನ್ನು ಎಂದೂ ಮಾರಿಬಿಡುವುದಿಲ್ಲ, ಸದಾಕಾಲವೂ ಮಾರುತ್ತಿರುತ್ತಾರೆ. ಬೆಂಗಳೂರಿನಂಥ ಮಹಾನಗರಗಳಲ್ಲಿ ಇಂಥವರು ವಸತಿಸಂಕೀರ್ಣದ ನೆಲಮಾಳಿಗೆಯಲ್ಲಿ ಮಾರುತಿ 800ಕ್ಕೆ ಮುಸುಕು ಹೊದಿಸಿಟ್ಟು, ಭಾನುವಾರಗಳಂದು ಮುಸುಕು ಸರಿಸಿ ಮುಖದರ್ಶನ ಮಾಡಿ ಮರಳುವರೆಂದು ಕೇಳಿದ್ದೇನೆ. ಆದರೆ ಈ ವರ್ಗದ ಪರಿಪೂರ್ಣ ಮಾದರಿಯು ನಮ್ಮ ದೇವಣಿಯಲ್ಲಿದೆಯೆಂಬುದರಲ್ಲಿಯೂ, ಅದರ ಸಮಸ್ತ ಉಪದ್ರವವು ನನ್ನೊಬ್ಬನ ಪಾಲಿಗೇ ಬಂದಿದೆಯೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ. ಊರು ಅವರನ್ನು ‘ಫಿಯಾಟ್ ಕಾಕಾ’ ಎಂದು ಕರೆಯುತ್ತದೆ. ನಾನು ಅವರ ಮಗ್ಗುಲ ಮನೆಯವನು, ಎಂದರೆ, ನೂಕುವವನು.

ದೇವಣಿಯನ್ನು ಅರಿಯದವರಿಗೆ ಒಂದು ಮಾತು. 1956ರ ತನಕ ಬೀದರ ಜಿಲ್ಲೆಯಲ್ಲಿದ್ದು, ಪ್ರಾಂತಗಳ ಪುನರ್ವಿಂಗಡಣೆಯ ಕಾಲಕ್ಕೆ ಉದಗೀರ, ನಿಲಂಗಾಗಳ ಬೆನ್ನುಹತ್ತಿ ಉಸ್ಮಾನಾಬಾದ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರಿನ ಪಾಲಿಗೆ ಬಂದು, ಕುಳಿತಲ್ಲಿಂದ ಕದಲದೆಯೇ ವಿಳಾಸ ಬದಲಿಸುತ್ತ ಬಂದ ಊರು ಇದು. ಕಾಕಾ ಮನೆಯೊಳಗೆ ಕನ್ನಡದಲ್ಲಿ ಉಣ್ಣುತ್ತಾರೆ, ಪೇಟೆಯಲ್ಲಿ ಮರಾಠಿಯಲ್ಲಿ ಲೆಕ್ಕ ಮಾಡುತ್ತಾರೆ, ಉದಗೀರದ ಮಿಸ್ತ್ರಿಯೊಡನೆ ಉರ್ದುವಿನಲ್ಲಿ ಜಗಳಾಡುತ್ತಾರೆ. ಗಾಡಿಯನ್ನು ಬೈಯುವಾಗ ಮಾತ್ರ ಶುದ್ಧ ಕನ್ನಡವನ್ನೇ ಬಳಸುತ್ತಾರೆ. ಲೋಕಕ್ಕೆ ಈ ಊರಿನ ಹೆಸರು ತಿಳಿದಿರುವುದಾದರೋ ಎತ್ತುಗಳಿಂದ. ದೇವಣಿ ತಳಿಯಲ್ಲಿ ಮೂರು ಬಗೆ: ಮೈಯೆಲ್ಲ ಅಚ್ಚಬಿಳುಪಾದುದು ಬಾಳಂಕ್ಯಾ, ಮೈ ಬಿಳಿಯಾಗಿ ಮುಖ ಕಪ್ಪೇರಿದುದು ವಾನೇರಾ, ಬಿಳಿಯ ಮೇಲೆ ಕಪ್ಪು ಮಚ್ಚೆಗಳು ಚೆಲ್ಲಿದುದು ಶೇವೇರಾ. ಹಾಳಿ-ಹಂಡರಗುಳಿಯ ಜಾನುವಾರು ಸಂತೆಯಲ್ಲಿ ಹಲ್ಲು ಎಣಿಸಿ, ಸುಳಿ ಪರೀಕ್ಷಿಸಿ, ಟುವಾಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿ, ಹಗ್ಗವು ಕೈ ಬದಲಾಯಿಸಿದೊಡನೆ ತಿರುಗಿ ನೋಡದೆ ಚಹದ ಅಂಗಡಿಯತ್ತ ನಡೆಯುವ ಮನೆತನದಲ್ಲಿ ಕಾಕಾ ಹುಟ್ಟಿದವರು. ಜೀವವಿದ್ದ ಎತ್ತಿಗೆ ಸುರಿಸದ ಕಣ್ಣೀರನ್ನು ಈ ಮಹಾನುಭಾವರು ತಗಡಿನ ಮೇಲೆ ಸುರಿಸುವುದನ್ನು ಕಂಡು ಅವರ ತಂದೆಯ ಕಾಲದ ಮುದುಕರು ಇಂದಿಗೂ ತಲೆಯಾಡಿಸುತ್ತಾರೆ.

ಗಾಡಿ ಪ್ರೀಮಿಯರ್ ಪದ್ಮಿನಿ. ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಕಾರಖಾನೆಯು ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಫಿಯಾಟ್ 1100ನ್ನು ಜೋಡಿಸತೊಡಗಿ, ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿಯೆಂದು ಪುನರ್ನಾಮಕರಣ ಮಾಡಿತಾದರೂ ನಮ್ಮ ಸೀಮೆಯಲ್ಲಿ ಆ ಹೆಸರನ್ನು ಯಾರೂ ಒಪ್ಪಿಕೊಳ್ಳಲಿಲ್ಲ. 1089 ಸಿಸಿಯ ಯಂತ್ರ, ಸ್ಟೇರಿಂಗಿನ ಕುತ್ತಿಗೆಗೆ ಅಂಟಿಕೊಂಡ ಗೇರಿನ ಕಡ್ಡಿ, ಮುಂದುಗಡೆ ಮೂವರು ಕೂಡಬಹುದಾದ ಒಂದೇ ಗಾದಿ, ಕಿಟಕಿಯ ಮೂಲೆಯಲ್ಲಿ ಗಾಳಿಗೆ ತೆರೆಯುವ ತ್ರಿಕೋಣದ ಗಾಜು. ಕಾಕಾ ಅದನ್ನು ಕೊಂಡದ್ದು ಸೊಲ್ಲಾಪುರದ ಒಬ್ಬ ವೈದ್ಯರಿಂದ. (ಭಾರತದಲ್ಲಿ ಮರುಮಾರಾಟವಾದ ಫಿಯಾಟುಗಳೆಲ್ಲವೂ ಯಾರೋ ಒಬ್ಬ ವೈದ್ಯರವೇ ಆಗಿರುವುದು ಸಂಶೋಧನೆಗೆ ಯೋಗ್ಯವಾದ ವಿಷಯ.) ಬಂದಾಗ ಅದು ಬಾಳಂಕ್ಯಾ ಆಗಿತ್ತು. ಕೆಲಕಾಲದ ಮೇಲೆ ನಿಲಂಗಾದ ಹಾದಿಯಲ್ಲಿ ಮರಕ್ಕೆ ಮುತ್ತಿಕ್ಕಿ, ಬೇರೊಂದು ಗಾಡಿಯ ಕಪ್ಪು ಬಾನೆಟ್ಟನ್ನು ಧರಿಸಿ ವಾನೇರಾ ಆಯಿತು. ಮುಂದೆ ತುಕ್ಕು ಹಿಡಿದಲ್ಲೆಲ್ಲ ಕಾಕಾ ಸ್ವಹಸ್ತದಿಂದ ಲೇಪಿಸಿದ ಕರಿಯ ಬಣ್ಣದ ದೆಸೆಯಿಂದ ಈಗ ನಿರ್ವಿವಾದವಾಗಿ ಶೇವೇರಾ ಆಗಿದೆ. ಒಂದೇ ಜನ್ಮದಲ್ಲಿ ಮೂರು ಬಗೆಯನ್ನೂ ಪೂರೈಸಿದ ದೇವಣಿ ತಳಿ ಇದೊಂದೇ.

ಗಾಡಿಯ ಬಾಗಿಲಿನ ವಿಷಯದಲ್ಲಿ ಕಾಕಾರ ಶಿಷ್ಟಾಚಾರ, ಹಳೆಯ ಬಿಡಿಭಾಗಗಳನ್ನು ಹೆಂಡತಿ ಕಾಕೂರ ಸೀರೆಯ ಕಪಾಟಿನಲ್ಲಿಡುವ ಪದ್ಧತಿ, ಅನ್ಯರ ಕಾರುಗಳೆಲ್ಲ ಪ್ಲಾಸ್ಟಿಕ್ಕಿನ ಡಬ್ಬಿಗಳೆಂಬ ಸಿದ್ಧಾಂತ, ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಕಡೆಯ ಸವಾರಿಗಳು. “ತಮ್ಮಾ, ಈ ವಾರ ಗಾಡಿ ಹೊಂಟದ. ಕಡೀಕ ಒಮ್ಮಿ ಕೂಡು ಬಾ” ಎಂದು ಗದ್ಗದಕಂಠದಿಂದ ಕರೆದಾಗ ಯಾವ ಕಠಿನಹೃದಯಿಯು ಒಲ್ಲೆನೆಂದಾನು? ಹೀಗೆ ನಾನು ಕಡೆಯ ಬಾರಿಗೆಂದು ಉದಗೀರದ ಕೋಟೆಗೂ, ಕಡೆಯ ಬಾರಿಗೆಂದು ಮಾಂಜರಾ ನದಿಯ ತೀರಕ್ಕೂ, ಕಟ್ಟಕಡೆಯ ಬಾರಿಗೆಂದು ಬೀದರಿನ ನಾನಕ ಝರಾಕ್ಕೂ ಹೋಗಿ, ಅಷ್ಟೂ ಸ್ಥಳಗಳಿಂದ ಬಹುಪಾಲು ಗಾಡಿಯ ಹಿಂದುಗಡೆ ನಿಂತು ಮರಳಿದ್ದೇನೆ.

ಆದರೆ ಗಿರಾಕಿಯೊಬ್ಬನು ನಿಜವಾಗಿಯೇ ಬಂದ ದಿನದ ವೃತ್ತಾಂತವನ್ನು ಸವಿಸ್ತಾರವಾಗಿ ಹೇಳದಿದ್ದರೆ ಕಾಕಾರಿಗೂ ನನ್ನ ಬೆನ್ನೆಲುಬಿಗೂ ಅನ್ಯಾಯವಾದೀತು. ಭಾಲ್ಕಿಯ ಒಬ್ಬ ತರುಣ. ಹಳೆಯ ಗಾಡಿಗಳನ್ನು ಸಿಂಗರಿಸಿ ಮದುವೆಯ ಮೆರವಣಿಗೆಗೆ ಬಾಡಿಗೆ ಕೊಡುವ ಉದ್ಯೋಗದವನು. ಸಾಕ್ಷಿಯಾಗಿ ನನ್ನನ್ನು ಕರೆಯಿಸಿದರು. ಕಾಕೂ ಸುಸಲಾ ಮತ್ತು ಚಹ ತಂದಿಟ್ಟರು. ಕಾಕಾ ಬೆಲೆ ಹೇಳಿದರು. ಆ ಹುಡುಗನು ಚೌಕಾಸಿಯೇ ಮಾಡದೆ ಜೇಬಿನಿಂದ ಇಸಾರದ ಹಣ ತೆಗೆದು ಮುಂದಿಟ್ಟನು. ಕಾಕಾರ ಮುಖ ವಿವರ್ಣವಾಯಿತು. ಚೌಕಾಸಿಗಾಗಿ ಅವರು ಸಿದ್ಧಪಡಿಸಿಕೊಂಡಿದ್ದ ಸ್ತುತಿಭಾಗವೆಲ್ಲವೂ ನಿರುಪಯುಕ್ತವಾಗಿ, ಉಳಿದದ್ದು ನಿಂದೆಯೊಂದೇ.

“ನೋಡು ತಮ್ಮಾ, ಖರೇ ಹೇಳ್ತೀನಿ, ಎರಡನೇ ಗೇರು ಜರಾ ಹಟ ಮಾಡ್ತದ.”

“ನಡೀತದ ಕಾಕಾ.”

“ಮಳೀಗಾಲದಾಗ ಕಾಲ ಬುಡಕ ನೀರ ಬರ್ತದ.”

“ನಡೀತದ. ತಗಡ ಹಚ್ಚಸ್ತೀನಿ.”

“ತಗಡ ಹಚ್ಚಾಂವ ಯಾರು? ಭಾಲ್ಕ್ಯಾಗ ಇದರ ಕೈಗುಣ ತಿಳಿದ ಮಿಸ್ತ್ರಿ ಯಾರಿದ್ದಾನ ಹೇಳು?”

ನಿಂದೆಯೂ ಫಲಿಸದಿರಲು ಕಾಕಾ ಪರೀಕ್ಷೆಗೆ ಇಳಿದರು. ರಾತ್ರಿ ಗಾಡಿ ನಿಲ್ಲುವುದು ಮಾಡಿನ ಕೆಳಗೋ ಬಯಲಿನಲ್ಲಿಯೋ? ಮೆರವಣಿಗೆಯಲ್ಲಿ ಬಾಜಾದವರು ಬಾನೆಟ್ಟಿನ ಮೇಲೆ ಕೈಯೂರುವುದುಂಟೋ? ಚಳಿಗಾಲದಲ್ಲಿ ಚೋಕ್ ಎಳೆದ ಮೇಲೆ ಎಷ್ಟು ಹೊತ್ತು ಕಾಯಬೇಕು? ಹುಡುಗ ಸಾವಧಾನದಿಂದ ಎಲ್ಲಕ್ಕೂ ಉತ್ತರಿಸಿ, ಒಮ್ಮೆ ನಡೆಸಿ ನೋಡೋಣವೆಂದನು. ಕಾಕಾರಲ್ಲಿ ಆಶೆ ಚಿಗುರಿತು. ಹೊತ್ತು ಏರುವ ಮುನ್ನ ಆ ಗಾಡಿ ತಾನಾಗಿ ಎದ್ದುದನ್ನು ನಾನಂತೂ ಕಂಡವನಲ್ಲ. ಅವರು ಕೀಲಿ ತಿರುವಿದರು. ಒಂದೇ ತಿರುವಿಗೆ ಎದ್ದುಬಿಟ್ಟಿತು! ಆಗ ಅವರು ಸ್ಟೇರಿಂಗಿನತ್ತ ಬೀರಿದ ದೃಷ್ಟಿಯಲ್ಲಿದ್ದ ವ್ಯಥೆಯನ್ನು ನಾನು ವರ್ಣಿಸಲಾರೆ.

ಉದಗೀರದ ಹಾದಿಯಲ್ಲಿ ಗಾಡಿ ಹೂವಿನಂತೆ ಓಡಿತು. ಹಿಂದಿರುಗುವಾಗ, ಊರು ಕಣ್ಣಿಗೆ ಬಿದ್ದಿರಲು, ಎರಡು ಸಲ ಕೆಮ್ಮಿ ನಿಂತಿತು. ಗಿರಾಕಿಯೂ ನಾನೂ ಇಳಿದು ನೂಕತೊಡಗಿದೆವು, ಕಾಕಾ ಒಳಗೆ ಕುಳಿತು, ಬಹುಕಾಲದ ವ್ಯಾಜ್ಯ ಗೆದ್ದವರ ಮಂದಹಾಸದಿಂದ, “ಜರಾ ಜೋರಲೆ, ಜೋರಲೆ!” ಎಂದು ಆಜ್ಞಾಪಿಸುತ್ತಿದ್ದರು. ಆದರೂ ಆ ಭಂಡ ಹುಡುಗನು ಬೆವರೊರೆಸಿಕೊಂಡು, “ಕಾಕಾ, ನನಗ ಇದೇ ಬೇಕು” ಎಂದನು. ಕಾಕಾ ಒಡನೆಯೇ ಪಂಚಾಂಗವನ್ನು ಮೊರೆಹೊಕ್ಕು, ಅಮಾವಾಸ್ಯೆ ಕಳೆಯಲೆಂದರು. ಅಮಾವಾಸ್ಯೆ ಕಳೆದು ಅವನು ಬಂದ ದಿನ ಮನೆಯಲ್ಲಿ ಕಾಕಾರೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಇಸಾರದ ಹಣವನ್ನು ಹೋಳಿಗೆಯ ಊಟದ ಸಮೇತ ಹಿಂದಿರುಗಿಸುವ ಕಾರ್ಯವನ್ನು ಕಾಕೂ ನೆರವೇರಿಸಿದರು. ತಲೆಮರೆಸಿಕೊಂಡವರನ್ನು ಸಂಜೆಗೆ ಉದಗೀರದ ಹಾದಿಯಿಂದ ನೂಕಿಕೊಂಡು ತಂದವನು ಯಾರೆಂಬುದನ್ನು ಹೇಳುವ ಅಗತ್ಯವಿಲ್ಲ.

ಪ್ರಪಂಚದಲ್ಲಿ ನಡೆಯುವ ಸಕಲ ವಿದ್ಯಮಾನಗಳೂ ತಮ್ಮ ಗಾಡಿಯ ಮೇಲಿನ ಒಳಸಂಚೆಂಬ ಭಾವನೆ ಈ ವರ್ಗದವರಲ್ಲಿ ಸಾಮಾನ್ಯ. 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದಾಗ ಕಾಕಾ ಸರಕಾರಕ್ಕೆ ಶಾಪವಿತ್ತರು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತು, ಹಳೆಯ ರಬ್ಬರು ನಳಿಕೆಗಳು ಮೆತ್ತಗಾಗಿ ಸೋರತೊಡಗಿವೆ. ಎಥೆನಾಲ್ ಬರುವುದು ಸಕ್ಕರೆ ಕಾರಖಾನೆಯಿಂದ, ಕಾರಖಾನೆಗೆ ಹೋಗುವ ಕಬ್ಬಿನಲ್ಲಿ ಮಾಂಜರಾ ದಂಡೆಯ ಕಾಕಾರ ಕಬ್ಬೂ ಉಂಟು. ಇದನ್ನು ನಾನು ಒಮ್ಮೆ ತಿಳಿಸಿಹೇಳಲಾಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟರು. 2023ರ ಅಕ್ಟೋಬರ್ 30ರಂದು ಮುಂಬಯಿಯ ಬೀದಿಗಳಿಂದ ಕಡೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತಿ ಹೊಂದಿತೆಂಬ ವಾರ್ತೆ ಬಂದ ರಾತ್ರಿ ಅವರು ಊಟ ಮಾಡಲಿಲ್ಲ. ನಾನು ನಕ್ಕೆ. ನಮ್ಮ ಹಿತ್ತಿಲಿನಲ್ಲಿ ಬಜಾಜ್ ಚೇತಕ್ ಒಂದು ನಿಂತಿದ್ದು, ಅದರ ಗಾದಿಯಡಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿರುವುದೂ, ಗುಜರಿಯವನು ಬಂದಾಗಲೆಲ್ಲ ನಾನು ಅವನನ್ನು ಬೇರೆ ಓಣಿಗೆ ಕಳುಹಿಸುವುದೂ ಪ್ರತ್ಯೇಕ ವಿಷಯ, ಅದು ಕಾರಲ್ಲ.

ಗಾಡಿಯ ಹಿಂದಿನ ಗಾದಿಯ ಸ್ಪ್ರಿಂಗು ಮುರಿದು ಎಷ್ಟೋ ವರ್ಷಗಳಾದವು. ಅದನ್ನು ಬದಲಿಸಲು ಕಾಕಾ ಯಾರಿಗೂ ಬಿಟ್ಟಿಲ್ಲ. ಜಿಪುಣತನವೆಂದು ನಾನು ಬಗೆದಿದ್ದೆ. ಕಾರಣ ಹೇಳಿದವರು ಕಾಕೂ. 1993ರ ಸೆಪ್ಟೆಂಬರ್ 30, ಗಣಪತಿಯನ್ನು ನೀರಿಗೆ ಬಿಟ್ಟುಬಂದ ಜನ ದಣಿದು ಮಲಗಿದ್ದ ಬೆಳಗಿನ ಜಾವ, ನಾಲ್ಕು ಗಂಟೆ ಹೊಡೆಯುವ ಮುನ್ನ ನೆಲ ನಡುಗಿತು. ಔಸಾ, ಉಮರ್ಗಾ ತಾಲೂಕುಗಳಲ್ಲಿ ಕಿಲ್ಲಾರಿ, ಸಾಸ್ತೂರ ಮೊದಲಾದ ಊರುಗಳ ಕಲ್ಲುಮಣ್ಣಿನ ದಪ್ಪಗೋಡೆಗಳು ಮಲಗಿದವರ ಮೇಲೆಯೇ ಕುಸಿದು, ಸುಮಾರು ಹತ್ತು ಸಾವಿರ ಜನ ಮಡಿದರು. ಸುದ್ದಿ ಬಂದೊಡನೆ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿದರಂತೆ; ಕಾಕಾ ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ನಿಲಂಗಾದ ಮೇಲೆ ಕಿಲ್ಲಾರಿಯತ್ತ ಹೋದರಂತೆ; ಬರುವಾಗ ಹಿಂದಿನ ಗಾದಿಯ ಮೇಲೆ ಗಾಯಾಳುಗಳು. ಮಳೆ ಬೇರೆ ಹಿಡಿದಿತ್ತು. ಎಷ್ಟು ಸಲ ಹೋಗಿಬಂದರೋ ಕಾಕೂರಿಗೂ ತಿಳಿಯದು. ಕಾಕಾ ಆ ಮಾತನ್ನೇ ಎತ್ತುವುದಿಲ್ಲ. “ಆ ದಿನಾ ಗಾಡಿ ಒಮ್ಮಿನೂ ಹಟ ಮಾಡಲಿಲ್ಲ ನೋಡು. ಕೀಲಿ ತಿರುವಿದ್ದೇ ತಡ” ಎಂದರು ಕಾಕೂ. ಎರಡನೆಯ ಸಲ ಹಾಗೆ ಎದ್ದದ್ದು ಭಾಲ್ಕಿಯ ಹುಡುಗನ ಮುಂದೆ.

ಇನ್ನೊಂದು ಸಂಗತಿಯನ್ನೂ ಕಾಕೂರೇ ತಿಳಿಸಿದರು. ಗಾಡಿ ಕೊಂಡ ವರ್ಷ ಅದಕ್ಕೆ ಹಣ ಸಾಲದೆ ಕೊಟ್ಟಿಗೆಯ ಕಡೆಯ ಎತ್ತಿನ ಜೋಡಿಯನ್ನು ಸಂತೆಗೆ ಹೊಡೆದರಂತೆ. ಉಳುಮೆಗೆ ಟ್ರಾಕ್ಟರು ಬಂದಿತ್ತು, ಎತ್ತುಗಳ ಕೆಲಸ ಮುಗಿದಿತ್ತು. ಟುವಾಲಿನಡಿ ಬೆರಳು ಕೊಟ್ಟು ಕಾಕಾ ತಿರುಗಿ ನೋಡದೆಯೇ ಬಂದರು. ಇಂದು ಆ ಕೊಟ್ಟಿಗೆಯಲ್ಲಿಯೇ, ಗೋದಲಿಯ ಎದುರಿಗೆಯೇ, ಫಿಯಾಟು ನಿಲ್ಲುತ್ತದೆ. ಪೋಳದ ಹಬ್ಬದಂದು ಊರವರು ತಮ್ಮ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಝೂಲ ಹೊದಿಸಿ ಹಣಮಂತನ ಗುಡಿಯ ಸುತ್ತ ಹೊಡೆದುಕೊಂಡು ಬರುವಾಗ, ಕಾಕಾ ಹಳೆಯ ಪೆಟ್ಟಿಗೆಯಿಂದ ಆ ಜೋಡಿಯ ಝೂಲವನ್ನೇ ತೆಗೆದು ಬಾನೆಟ್ಟಿಗೆ ಹೊದಿಸಿ, ಹೋಳಿಗೆ ತೋರಿಸಿ, ತಾವೂ ಪ್ರದಕ್ಷಿಣೆಗೆ ಹೊರಡುತ್ತಾರೆ. ಊರ ಹುಡುಗರು ಕೂಗಾಡುತ್ತಾರೆ. ಮೊದಮೊದಲು ನಾನೂ ಅವರೊಡನೆ ನಗುತ್ತಿದ್ದೆ. ಈಚೆಗೆ ನಗೆ ಬರುವುದಿಲ್ಲ. ಅರ್ಧ ಪ್ರದಕ್ಷಿಣೆಗೆ ಗಾಡಿ ನಿಂತಾಗ ಯಾರೂ ಕರೆಯದೆಯೇ ಹೋಗಿ ಕೈ ಹಚ್ಚುತ್ತೇನೆ. ಆ ಜೋಡಿಗೆ ಸಲ್ಲಬೇಕಾಗಿದ್ದ ಬೀಳ್ಕೊಡುಗೆಯನ್ನು ಕಾಕಾ ಇದಕ್ಕೆ ಕಂತುಗಳಲ್ಲಿ ಸಲ್ಲಿಸುತ್ತಿರಬಹುದೇ ಎಂದು ನೂಕುವಾಗ ಅನ್ನಿಸುವುದುಂಟು. ಗುಡಿಯ ಎದುರಿನ ಏರು ಬಂದೊಡನೆ ಆ ವಿಚಾರವೂ ದಯೆಯೂ ಒಟ್ಟಿಗೇ ಮಾಯವಾಗುತ್ತವೆ.

ಸದ್ಯದ ಸ್ಥಿತಿ ಹೀಗಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕವು 2022ರ ಏಪ್ರಿಲ್‌ನಿಂದ 5000 ಆದಾಗ ಕಾಕಾ ಅದನ್ನು ತೆತ್ತು, ಪರಿಸರ ತೆರಿಗೆಯನ್ನೂ ಕಟ್ಟಿ, ಇನ್ನು ಐದು ವರ್ಷ ಚಿಂತೆಯಿಲ್ಲವೆಂದು ಹೇಳಿ, ಅದೇ ಸಂಜೆ ಗಾಡಿ ಮಾರುವುದಿದೆಯೆಂದು ಊರೆಲ್ಲ ಸಾರಿದರು. ಆದುದರಿಂದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ದೇವಣಿಯಲ್ಲಿ ಪದ್ಮಿನಿಯೊಂದು ಮಾರಾಟಕ್ಕಿದೆ, ಕಾಗದಪತ್ರಗಳೆಲ್ಲ ಸರಿಯಾಗಿವೆ, ಯಾರೇ ಬಂದರೂ ಸುಸಲಾ ಚಹಗಳಿಗೆ ಕೊರತೆಯಿಲ್ಲ. ಚೌಕಾಸಿ ಮಾಡಲು ಮಾತ್ರ ಮರೆಯಬೇಡಿರಿ. ಮತ್ತು ಬರುವಾಗ ನೂಕಲು ಇಬ್ಬರು ಗಟ್ಟಿಮುಟ್ಟಾದ ಆಳುಗಳನ್ನು ಕರೆತನ್ನಿರಿ, ನನಗೆ ಈಗ ವಯಸ್ಸಾಯಿತು.