ವಾರ್ಡಿಗೊಂದು ಉದ್ರಿ ಪುಸ್ತಕ

ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಕುಂಕುಮ ಮೆತ್ತಿದ ಲಕ್ಷ್ಮಿ ಪಟ, ಪಕ್ಕದಲ್ಲಿ ಹೊಸ ಫಲಕ: ‘ಪುರಸಭಾ ಸದಸ್ಯರು, 7ನೇ ವಾರ್ಡ್’.

ಮೇಷ್ಟ್ರು: ಒಂದು ಕೆಜಿ ತೊಗರಿಬೇಳೆ ಕೊಡಿ ಸಾಹುಕಾರ್ರೇ. ಹಾಗೇ ನಮ್ಮ ಬೀದಿ ಚರಂಡಿ...

ಸಾಹುಕಾರ್ರು: ಬೇಳೆ ಈಗಲೇ ತಗೊಳ್ಳಿ. ಚರಂಡಿ ಮುಂದಿನ ಸಾಮಾನ್ಯ ಸಭೆಗೆ.

ಮೇಷ್ಟ್ರು: ಹೋದ ವರ್ಷ ಕಟ್ಟಿದ್ದಲ್ವೇ?

ಸಾಹುಕಾರ್ರು: ಕಟ್ಟಿದ್ದೂ ಆಯ್ತು, ಬಿಲ್ಲೂ ಆಯ್ತು. ಮಳೆಗೆ ಕೊಚ್ಚಿ ಹೋದ್ರೆ ವರುಣದೇವನ್ನ ಕೇಳಿ.

ಮೇಷ್ಟ್ರು: ಗುತ್ತಿಗೆ ನಿಮ್ದೇ ಅಂತ ಜನ ಆಡ್ಕೋತಾರೆ.

ಸಾಹುಕಾರ್ರು: ಶಿವ ಶಿವಾ! 1964ರ ಪೌರಸಭೆಗಳ ಕಾಯ್ದೆ ಇದೆ ಮೇಷ್ಟ್ರೇ. ಗುತ್ತಿಗೇಲಿ ಪಾಲಿದ್ರೆ ಸದಸ್ಯತ್ವಕ್ಕೇ ಸಂಚಕಾರ. ಗುತ್ತಿಗೆ ನಮ್ಮ ಭಾಮೈದಂದು. ಸಿಮೆಂಟು ಮಾತ್ರ ನಮ್ಮ ಗೋದಾಮಿಂದು.

(ಪುರಸಭೆಯಲ್ಲಿ ಕಾಯ್ದೆ ಓದಿದವರು ಇವರೊಬ್ಬರೇ. ಯಾಕೆ ಓದಿದರು ಅನ್ನುವುದು ಬೇರೆ ಮಾತು.)

ಮೇಷ್ಟ್ರು: ಅಧ್ಯಕ್ಷಗಿರಿ ಯಾವಾಗ?

ಸಾಹುಕಾರ್ರು: 30 ತಿಂಗಳಿಗೊಮ್ಮೆ ಮೀಸಲಾತಿ ಬದಲಾಗುತ್ತೆ. ಮಹಿಳೆ ಅಂತ ಬಂದ್ರೂ ಚಿಂತೆಯಿಲ್ಲ. 8ನೇ ವಾರ್ಡಲ್ಲಿ ಗೆದ್ದಿರೋದು ನಮ್ಮನೆಯವಳೇ. ಸಹಿ ಅವಳು ಹಾಕ್ತಾಳೆ, ಎಲ್ಲಿ ಅಂತ ನಾನು ಬೆರಳಿಟ್ಟು ತೋರಿಸ್ತೀನಿ.

ಮೇಷ್ಟ್ರು: ಈಗ ಯಾವ ಪಕ್ಷ?

ಸಾಹುಕಾರ್ರು: ಪಿತೃಪಕ್ಷ ಒಂದು ಬಿಟ್ಟು ಎಲ್ಲಾ ನೋಡಿಯಾಯ್ತು.

ಮೇಷ್ಟ್ರು: ಜನ ಕೈಬಿಟ್ರೆ?

ಸಾಹುಕಾರ್ರು ಎಂಜಲು ಬೆರಳಲ್ಲಿ ಕೆಂಪು ರಟ್ಟಿನ ಪುಸ್ತಕ ತಿರುವಿದರು.

ಸಾಹುಕಾರ್ರು: ಇಗೋ ನಿಮ್ಮ ಪುಟ, ಬಾಕಿ 2,340 ರೂಪಾಯಿ. ವೋಟಿನ ದಿನದವರೆಗೂ ನಾನು ಕೇಳಲ್ಲ, ಆತುರ ಬೇಡ.

ಓದುಗ ಮಹಾಶಯರೇ, ಚುನಾವಣೆ ಘೋಷಣೆಯಾಗುವ ಮುಂಚೆಯೇ ನಿಮ್ಮ ಉದ್ರಿ ತೀರಿಸಿಬಿಡಿ.