ಹಗೇವು ಬಾಯಿ ಬಿಟ್ಟಾಗ

ನವಲಗುಂದ ತಾಲೂಕಿನ ಹಳೆಯ ವಾಡೆಯೊಂದರ ಅಂಗಳದಲ್ಲಿರುವ ಈ ಹಗೇವು ಸಂದರ್ಶನಕ್ಕೆ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಒಂದು, ತನ್ನ ಬಾಯಿಯ ಮೇಲೆ ನಿಲ್ಲಿಸಿರುವ ಬೈಕನ್ನು ತೆಗೆಯಬೇಕು. ಇನ್ನೊಂದು, ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಕೆಟ್ಟ ಗಾಳಿ ಹೋಗುವ ತನಕ ಕಾಯದೆ ಹಗೇವಿಗಿಳಿದು ಸತ್ತವರ ಸುದ್ದಿ ಈ ಭಾಗಕ್ಕೆ ಹೊಸದಲ್ಲ. ಕಂದೀಲು ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ಖಾತ್ರಿ ಮಾಡಿಕೊಂಡೇ ಮಾತಿಗೆ ಕುಳಿತೆವು.

ವಿಷಯ ಇಷ್ಟೇ. ಈ ಮನೆಯ ಕಿರಿಯ ಮಗ ಮೊದಲ ಸ್ವಂತ ಮನೆ ಕೊಳ್ಳಲು ಹೊರಟಿದ್ದಾನೆ. ಕೈಯಿಂದ ಎಷ್ಟು ಹಾಕಬೇಕು, ಬ್ಯಾಂಕಿನಿಂದ ಎಷ್ಟು ಎತ್ತಬೇಕು ಎಂದು ಮನೆಯಲ್ಲಿ ದಿನಾ ವಾದ. ಬ್ಯಾಂಕಿನವರನ್ನು, ದಲ್ಲಾಳಿಯನ್ನು, ಹುಬ್ಬಳ್ಳಿಯ ಬೀಗರನ್ನು, ಕೊನೆಗೆ ಜ್ಯೋತಿಷಿಯನ್ನೂ ಕೇಳಿದ್ದಾಗಿದೆ. ಈ ಹಗೇವನ್ನೊಂದನ್ನು ಬಿಟ್ಟು.

ನಾವು: ನಮಸ್ಕಾರ. ತಮ್ಮ ಪರಿಚಯ?

ಹಗೇವು: ಜ್ವಾಳದ ಬ್ಯಾಂಕು ಅಂತ ಬರ್ಕೊರಿ. ಶಾಖೆ ಒಂದ, ಮ್ಯಾನೇಜರನೂ ನಾನ, ತಿಜೋರಿನೂ ನಾನ. ಗಟ್ಟಿ ನೆಲಾ ನೋಡಿ ತೋಡಿದ್ರು, ಸುತ್ತಲೂ ಕಣಿಕಿ ಒತ್ತಿದ್ರು, ಕಾಳು ತುಂಬಿ ಮ್ಯಾಲೆ ಮಣ್ಣು ಮೆತ್ತಿದ್ರು. ಪಾಸ್‌ಬುಕ್ ಇಲ್ಲ, ಒಟಿಪಿ ಇಲ್ಲ, ಊಟದ ಬಿಡುವು ಅಂತ ಕದಾ ಹಾಕಿದ್ದಿಲ್ಲ. ಈಗ ಖಾಲಿ ಕುಂತೇನಿ. ಖಾಲಿ ಕುಂತಾವ್ರಿಗೆ ಮಾತು ಬಾಳ ಬರ್ತಾವು, ನಿಮಗ ಗೊತ್ತಿದ್ದದ್ದ.

ನಾವು: ದಲ್ಲಾಳಿ ಹೇಳುವ ಪ್ರಕಾರ ಕೈಯಲ್ಲಿ ನೂರಕ್ಕೆ ಹತ್ತು ಇದ್ದರೆ ಸಾಕಂತೆ.

ಹಗೇವು: ಅಂವ ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಾಗ 30 ಲಕ್ಷದ ತನಕದ ಸಾಲಕ್ಕ ಮನಿ ಬೆಲೆಯ ಶೇ 90ರ ತನಕ ಕೊಡಬಹುದು ಅಂತೈತಿ. 30 ದಾಟಿ 75 ಲಕ್ಷದ ತನಕ ಶೇ 80, ಅದರ ಮ್ಯಾಲೆ ಶೇ 75. ಆದರ ಅದು ಬ್ಯಾಂಕಿಗೆ ಹಾಕಿದ ಮಿತಿ. ನಿನ್ನ ಹೊಟ್ಟಿ ಅಳತಿ ಅಲ್ಲ. ಇನ್ನ ಈ ಹುಡುಗ ನೋಡಿದ್ದು ಪ್ಯಾಟ್ಯಾಗ 20 ಲಕ್ಷದ ಮನಿ. ದಲ್ಲಾಳಿ ಏನಂದ? "ಖರೇದಿ ಕಾಗದದಾಗ 12 ಲಕ್ಷ ತೋರ್ಸೂಣು, ಮುದ್ರಾಂಕ ಉಳೀತೈತಿ." ಹುಡುಗ ಖುಷಿ ಆದ. ಲೆಕ್ಕಾ ಹಾಕ್ರಿ: ಬ್ಯಾಂಕು ನೋಡೂದು ಕಾಗದದ 12 ಲಕ್ಷ, ಅದರಾಗ ಶೇ 90 ಅಂದ್ರ 10 ಲಕ್ಷ 80 ಸಾವಿರ. ಉಳಿದ 9 ಲಕ್ಷ 20 ಸಾವಿರ ಯಾರ ಕಿಸೆದಾಗಿಂದ? ಮುದ್ರಾಂಕದಾಗ ಸಾವಿರ ಉಳಿಸಾಕ ಹೋಗಿ ಲಕ್ಷ ಮೈಮ್ಯಾಲೆ ಹಾಕ್ಕೊಂಡಂಗಾತು. ಅದರಾಗ ಆಸ್ತಿ ವ್ಯವಹಾರಕ್ಕ 20 ಸಾವಿರ ಇಲ್ಲಾ ಅದಕ್ಕಿಂತ ಹೆಚ್ಚು ನಗದು ಮುಂಗಡ ತಗೊಳ್ಳೂದು 2015ರಿಂದ ಆದಾಯ ತೆರಿಗಿ ಕಾಯ್ದೆಗೆ ವಿರುದ್ಧ. ಗೋಣಿಚೀಲದಾಗ ರೊಕ್ಕಾ ಒಯ್ದು ಮನಿ ತಗೊಳ್ಳೂ ಕಾಲ ಅಲ್ಲಪಾ ಇದು.

ನಾವು: ಹಾಗಾದರೆ ಇರುವುದನ್ನೆಲ್ಲ ಸುರಿದು ಸಾಲವನ್ನು ಕಡಿಮೆ ಮಾಡಿಕೊಳ್ಳುವುದೇ ವಾಸಿಯಲ್ಲವೇ? ಅಪ್ಪನ ವಾದವೂ ಅದೇ.

ಹಗೇವು: ಅಪ್ಪನ ಲೆಕ್ಕಾ ಕಾಗದದ ಮ್ಯಾಲೆ ಬರೋಬ್ಬರಿ. ಶೇ 8.5 ಬಡ್ಡಿ, 20 ವರ್ಷ ಅಂದ್ರ ಲಕ್ಷಕ್ಕ ತಿಂಗಳಿಗೆ 868 ರೂಪಾಯಿ ಕಂತು. 10 ಲಕ್ಷ ಎತ್ತಿದ್ರ ಕಟ್ಟೂದು 20 ಲಕ್ಷ 83 ಸಾವಿರದ ಹತ್ರ. ಬಡ್ಡಿನ ಅಸಲಿಗಿಂತ ದಪ್ಪ. ಆದರ ಮುದುಕ ಒಂದ ಮರತಾನ. ಅವರ ಅಪ್ಪ ನನ್ನ ಬಾಯಿ ತಗಿಯೂವಾಗ ಎಷ್ಟು ಮಾರೂದು ಅಂತ ಮದಲ ಕೇಳತಿದ್ದಿಲ್ಲ. ಬೀಜದ್ದು ಬ್ಯಾರೆ, ಮುಂದಿನ ಸುಗ್ಗಿ ತನಕ ಉಣ್ಣೂದು ಬ್ಯಾರೆ, ಒಂದ ಮಳಿ ಕೈ ಕೊಟ್ರ ಅಂತ ಮತ್ತೊಂದು ಪಾಲು ಬ್ಯಾರೆ. ಅಷ್ಟು ಒಳಗ ಬಿಟ್ಟು, ಉಳದದ್ದು ಅಡತಿ ಅಂಗಡಿಗೆ. ಹಗೇವು ಬಳದು ಮಗಳ ಮದಿವಿ ಮಾಡಿದವರು ಬಿತ್ತೂ ಹೊತ್ತಿಗೆ ಸಾವುಕಾರನ ಕಟ್ಟಿಗೆ ಹೋಗಿ ಕುಂತದ್ದನ್ನ ನಾ ನೋಡೇನಿ. ಮನಿಗೆ ಎಲ್ಲಾ ಸುರದು, ಆಮ್ಯಾಲೆ ಗೊಬ್ಬರಕ್ಕ ಬಂಗಾರ ಅಡಾ ಇಟ್ರ, ಆ ಬಡ್ಡಿ ಮನಿ ಸಾಲದ ಬಡ್ಡಿಗಿಂತ ಸುಡತೈತಿ.

ನಾವು: ಅಷ್ಟೊಂದು ಭಯ ಯಾಕೆ? ಪ್ರತಿ ವರ್ಷ ಮಳೆ ತಪ್ಪುತ್ತದೆಯೇ?

ಹಗೇವು: ತಪ್ಪೂದಷ್ಟ ಅಲ್ಲ, ಹೆಚ್ಚಾಗೂದೂ ಐತಲ್ಲ. 2019ರ ಆಗಸ್ಟ್‌ದಾಗ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ದಂಡಿ ಬಿಟ್ಟು ಬಂದ್ವು. ಮಣ್ಣಿನ ಮನಿ ಕುಂತ ಜಾಗಾದಾಗ ಕುಸದು ಬಿದ್ವು. ಪೂರ್ತಿ ಬಿದ್ದ ಮನಿಗೆ ಸರ್ಕಾರ 5 ಲಕ್ಷ ಅಂತು, ಅದೂ ಹಂತ ಹಂತಕ್ಕ. 2023ರಾಗ ಉಲ್ಟಾ: ರಾಜ್ಯದ 236 ತಾಲೂಕಿನಾಗ 223 ಬರಪೀಡಿತ. ಹೆಸರು ಹೋತು, ಕಡ್ಲಿ ಹೋತು. ಕಂತು ಮಾತ್ರ ಎಲ್ಲಿಗೂ ಹೋಗಲಿಲ್ಲ. ಧಾರವಾಡದಾಗ ಹೆಡ್ಡಾಫೀಸ್ ಇದ್ದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ಕ್ಕ ಇನ್ನೊಂದರ ಜೋಡಿ ಕೂಡಿ, ಹೆಡ್ಡಾಫೀಸ್ ಬಳ್ಳಾರಿ ಆತು. ಬೋರ್ಡ್ ಬದಲಾತು, ಹೆಸರು ಬದಲಾತು, ಕಂತಿನ ತಾರೀಖು ಬದಲಾತೇನು?

ನಾವು: ತಮಗೆ ಸಾಲದ ಮೇಲೇ ಸಿಟ್ಟಿದ್ದಂತಿದೆ.

ಹಗೇವು: ಬಿಡ್ರಿ! ಸಾಲ ನಮಗೇನು ಹೊಸದಲ್ಲ. 1905ರಾಗ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಕಟ್ಟಿದಾಗ ಆ ಊರು ನಮ್ಮ ಧಾರವಾಡ ಜಿಲ್ಲಾದಾಗ ಇತ್ತು. ಸಾಲ ಕೆಟ್ಟದ್ದಲ್ಲ, ಅದರ ಪಂಚಾಂಗ ಕೆಟ್ಟದ್ದು. ಬೆಳಿಸಾಲಕ್ಕ ಸುಗ್ಗಿ ಗೊತ್ತೈತಿ. ಮನಿಸಾಲಕ್ಕ ತಿಂಗಳ ಪಗಾರ ಅಷ್ಟ ಗೊತ್ತು. ಮಾಸ್ತರರಿಗೆ, ಕಂಡಕ್ಟರಗ ಅದು ಒಗ್ಗತೈತಿ. ಅವರು ಶೇ 15 ಹಾಕಿ ಉಳದದ್ದು ಎತ್ತಿದ್ರೂ ನಡೀತೈತಿ. ನಮ್ಮ ಹುಡುಗಗ ಹೆಸರಿನ ರೊಕ್ಕಾ ಬರೂದು ಶ್ರಾವಣ ಆದಮ್ಯಾಲೆ, ಕಡ್ಲಿದು ಶಿವರಾತ್ರಿ ಸುತ್ತಮುತ್ತ. ನಡುವಿನ ತಿಂಗಳದಾಗ ಹೊಲದಾಗ ಬೆಳ್ಯೂದು ಕರಿಕಿ. ಅದನ್ನ ಮ್ಯಾನೇಜರಗ ಹೇಳಿದ್ರ ಸ್ಯಾಲರಿ ಸ್ಲಿಪ್ ಕೇಳಿದ್ನಂತ. ಹುಡುಗ ಉತಾರ ತೋರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಚಾ ಕುಡದು ಎದ್ದು ಬಂದ್ರಂತ.

ನಾವು: ಕೊಳ್ಳುವುದು ಬೇಡ, ಇದ್ದ ಜಾಗದಲ್ಲೇ ಕಟ್ಟಿಸೋಣ ಎನ್ನುತ್ತಾರೆ ತಾಯಿ. ಆಗ ಮುಂಗಡದ ತಲೆಬಿಸಿಯೇ ಇಲ್ಲವಲ್ಲ.

ಹಗೇವು: ಐತಿ. ಆ ಮುಂಗಡ ಎರಿಮಣ್ಣಿಗೆ ಹೋಗತೈತಿ. ಅದರ ಗುಣ ನನ್ನಷ್ಟು ಯಾರಿಗೆ ಗೊತ್ತು! ಬ್ಯಾಸಗ್ಯಾಗ ಬಿರದು ಬಾಯಿ ಬಿಡತೈತಿ, ಮಳಿಗಾಲದಾಗ ನೀರು ಕುಡದು ಉಬ್ಬತೈತಿ. ಅದರ ಮ್ಯಾಲ್ಮ್ಯಾಲೆ ಬುನಾದಿ ಹಾಕಿದ್ರ ಎರಡನೇ ವರ್ಷಕ್ಕ ಕಿಟಕಿ ಮೂಲಿಯಿಂದ ಬಿರುಕು ಹತ್ತೂದ. ಗರಸು ಸಿಗೂ ತನಕ ತೋಡಬೇಕು. ಕಲಘಟಗಿ ಕಡೆಯ ಕೆಂಪು ನೆಲದ ಬೀಗರು ಹೇಳಿದ ಖರ್ಚಿನ ಲೆಕ್ಕಾ ನವಲಗುಂದಕ್ಕ ನಡ್ಯಾಂಗಿಲ್ಲ. ಸರ್ಕಾರದ ಮನಿ ಅಂತೀರಾ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಾಗ ಬಯಲು ಸೀಮಿಗೆ 1 ಲಕ್ಷ 20 ಸಾವಿರ. ಎರಿ ನೆಲದಾಗ ಅದರ ದೊಡ್ಡ ಪಾಲು ಯಾರಿಗೂ ಕಾಣದಂಗ ಭೂಮಿಯೊಳಗ ಕುಂದರತೈತಿ. ಆಮ್ಯಾಲೆ ಲಿಂಟಲ್ ಮಟ್ಟದ ಫೋಟೋ ಕೊಡ್ರಿ ಅಂತಾರ.

ನಾವು: ತೀರ್ಪು ಹೇಳಿಬಿಡಿ. ಹುಡುಗನ ಕೈಯಲ್ಲಿ 7 ಲಕ್ಷ ಇದೆ.

ಹಗೇವು: 20 ಲಕ್ಷದ ಮನಿ ಅವಂದಲ್ಲ, ಮರೀಲಿ. 12 ಲಕ್ಷದೊಳಗ ನೋಡ್ಲಿ, ಕಾಗದದಾಗೂ ಅಷ್ಟ ಬರೀಲಿ. 3 ಲಕ್ಷ ಕೈಯಿಂದ ಹಾಕಲಿ, ಅಂದ್ರ ನಾಕಾಣೆ ಪಾಲು. ಮುದ್ರಾಂಕ, ನೋಂದಣಿಗೆ ಲಕ್ಷದ ಹತ್ರ ಬ್ಯಾರೆ ಇರಲಿ. ಇಂಥ ಬೆಲೆಯ ಮನಿಗೆ ಅದು ಬ್ಯಾಂಕಿನ ಸಾಲದಾಗ ಬರೂದಿಲ್ಲ. ಉಳದ 3 ಲಕ್ಷ ಮುಟ್ಟಬಾರದು. ಒಂದು ವರ್ಷದ ಕಂತು 94 ಸಾವಿರ ಆಗತೈತಿ, ಬೀಜ-ಗೊಬ್ಬರ ಐತಿ, ಮನ್ಯಾಗ ಮುದುಕರು ಅದಾರ. ಅರ್ಧ ವರ್ಷಕ್ಕೊಮ್ಮೆ ಕಂತು ಕಟ್ಟಾಕ ಬರತೈತೇನು ಅಂತ ಬ್ಯಾಂಕಿನಾಗ ಕೇಳಲಿ, ನಾಚಬಾರದು. ಏರಿಳಿಯೂ ಬಡ್ಡಿ ಸಾಲಕ್ಕ ಮುಂಚಿತ ಕಟ್ಟಿದ್ರ ದಂಡ ಹಾಕಬಾರದು ಅಂತ 2012ರಾಗ ರಿಸರ್ವ್ ಬ್ಯಾಂಕು ಹೇಳೇತಿ. ಕಡ್ಲಿ ಬಂದ ವರ್ಷ ಅಸಲಿಗೆ ಕಟ್ಟಲಿ. 10 ಲಕ್ಷದ ಸಾಲಕ್ಕ ಮದಲ ವರ್ಷದ ಕೊನಿಗೆ 1 ಲಕ್ಷ ಹೆಚ್ಚಿಗಿ ಕಟ್ಟಿದ್ರ ನಾಕು ವರ್ಷದ ಕಂತು ಕಡಿಮಿ ಆಗತಾವು. ಇದು ಅಪ್ಪಗೂ ಹೇಳ್ರಿ, ಸಮಾಧಾನ ಆಗತೈತಿ.

ನಾವು: ಅಷ್ಟಕ್ಕೂ 12 ಲಕ್ಷಕ್ಕೆ ಮನೆ ಸಿಗದಿದ್ದರೆ?

ಹಗೇವು: ಇನ್ನೆರಡು ಸುಗ್ಗಿ ಈ ವಾಡೇದಾಗ ಇರಲಿ. ಬಾಡಿಗಿ ಕೇಳೂದಿಲ್ಲ. ಬೈಕ್ ಮಾತ್ರ ಆಕಡೆ ಹಚ್ಚಲಿ.

ಓದುಗರಲ್ಲಿ ನಮ್ಮದೊಂದು ವಿನಂತಿ: ಎಷ್ಟು ಮುಂಗಡ ಎಂದು ಚೌಕಾಶಿ ಮಾಡುವ ಮೊದಲು ಹಳ್ಳಿಯ ಆಸ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದ್ದಾದರೆ ಇ-ಖಾತಾ ಕೇಳಿ ನೋಡಿ. ಅವು ಕೈಗೆ ಬರುವ ತನಕ ಸಂಚಕಾರವೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.