ದಂತಚ್ಛಾಯಾಗ್ರಹಣ ಪ್ರಸಂಗ

ಜರ್ಮನಿಯ ರಾಂಟ್‌ಜನ್ ಮಹಾಶಯನು 1895ರ ನವೆಂಬರ್ 8ರಂದು ಕ್ಷ-ಕಿರಣವನ್ನು ಕಂಡ ಕೆಲವೇ ವಾರಗಳಲ್ಲಿ, ಅದೇ ದೇಶದ ಬ್ರೌನ್‌ಶ್ವೈಗ್ ನಗರದ ದಂತವೈದ್ಯ ಆಟೊ ವಾಲ್ಕಾಫ್ ಎಂಬಾತನು, ಕಪ್ಪು ಕಾಗದವನ್ನೂ ರಬ್ಬರನ್ನೂ ಸುತ್ತಿದ ಗಾಜಿನ ಫಲಕವೊಂದನ್ನು ತನ್ನ ಬಾಯೊಳಗೆ ಇರಿಸಿಕೊಂಡು, 25 ನಿಮಿಷಗಳ ಕಾಲ ಅಲುಗದೆ ಇದ್ದು, ತನ್ನ ಹಲ್ಲುಗಳ ಛಾಯೆಯನ್ನು ಪಡೆದನಂತೆ. ಆ ಮಹಾನುಭಾವನಿಗೆ ಗಂಟಲೆಂಬ ಅವಯವವಿತ್ತೋ ಇಲ್ಲವೋ ಎಂಬ ಸಂಶಯ ಈಚೆಗೆ ನನ್ನನ್ನು ಬಾಧಿಸುತ್ತಿದೆ; ಏಕೆಂದರೆ 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದದ ಫಿಲ್ಮಿನ ಪುಟ್ಟ ಪೊಟ್ಟಣವನ್ನು ಒಂದು ಸೆಕೆಂಡಿಗೂ ಕಡಮೆ ಹೊತ್ತು ಬಾಯಲ್ಲಿಟ್ಟುಕೊಳ್ಳುವ ಪ್ರಮೇಯ ಬಂದಾಗ ನಾನು ಮೆರೆದ ಪರಾಕ್ರಮವನ್ನು ನಮ್ಮೂರಿನ ದಂತ ಕಾಲೇಜಿನವರು ಇಂದಿಗೂ ಮರೆತಿಲ್ಲವೆಂದು ಕೇಳಿದ್ದೇನೆ.

ಹಲ್ಲುನೋವಿನ ಪೂರ್ವಕಥೆಯನ್ನು ವಿಸ್ತರಿಸಲಾರೆ. ಲವಂಗ, ಉಪ್ಪುನೀರು, ನೆಂಟರ ಉಪದೇಶ, ಇವೆಲ್ಲ ಯಥಾಕ್ರಮದಲ್ಲಿ ಮುಗಿದ ಮೇಲೆ ಡಾಕ್ಟರಮ್ಮನವರು ಎಡಗಡೆಯ ಮೇಲಿನ ದವಡೆಹಲ್ಲನ್ನು ತಟ್ಟಿ ನೋಡಿ, “ಇಪ್ಪತ್ತಾರು, ಎಕ್ಸ್-ರೇ ಆಗಲಿ” ಎಂದರು. ಇದ್ದ ಹಲ್ಲುಗಳೇ ಇಪ್ಪತ್ತಮೂರಾಗಿರುವ ನನಗೆ ಇಪ್ಪತ್ತಾರನೆಯದು ಎಲ್ಲಿಂದ ಬಂದಿತೆಂದು ಕೇಳಿದೆನು. ಬಾಯಿಯನ್ನು ನಾಲ್ಕು ಭಾಗವಾಗಿ ಗಣಿಸಿ, ಎರಡನೆಯ ಭಾಗದ ಆರನೆಯ ಹಲ್ಲಿಗೆ ಹಾಗೆನ್ನುವರಂತೆ.

ಅನಂತರ ಛಾಯಾಗ್ರಹಣ ಶಾಸ್ತ್ರದ ವಿವರಣೆ ನಡೆಯಿತು. ಫಿಲ್ಮನ್ನು ಹಿಡಿಕೆಯೊಂದಕ್ಕೆ ಸಿಕ್ಕಿಸಿ, ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಎರಡಕ್ಕೂ ಲಂಬವಾಗಿ ಕಿರಣವನ್ನು ಹಾಯಿಸುವುದು ಉತ್ತಮ ಮಾರ್ಗ. ಆದರೆ ಅದಕ್ಕೆ ಅಂಗುಳು ಎತ್ತರವಾಗಿರಬೇಕು, ನನ್ನದು ಸಾಲದು. (ಇಷ್ಟು ವರ್ಷ ನನ್ನ ಲೋಪದೋಷಗಳನ್ನು ಎತ್ತಿ ಆಡಿದ ಬಂಧುವರ್ಗದಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.) ಆದುದರಿಂದ ಮಧ್ಯಮ ಮಾರ್ಗ: ಫಿಲ್ಮನ್ನು ಹಲ್ಲಿಗೆ ಓರೆಯಾಗಿ ಒರಗಿಸಿ, ಎರಡರ ನಡುವಣ ಕೋನವನ್ನು ಮನಸ್ಸಿನಲ್ಲಿಯೇ ಸರಿಯಾಗಿ ಇಬ್ಭಾಗಿಸಿ, ಆ ಕಾಣದ ಅರ್ಧಕಕ್ಕೆ ಕಿರಣವು ಲಂಬವಾಗಿ ಬೀಳುವಂತೆ ಯಂತ್ರದ ಮೂತಿಯನ್ನು ತಿರುಗಿಸುವುದು. ಲೆಕ್ಕ ತಪ್ಪಿ ಕಿರಣವು ಹೆಚ್ಚು ಮೇಲಿನಿಂದ ಇಳಿದರೆ ಬೇರುಗಳು ಮಧ್ಯಾಹ್ನದ ನೆರಳಿನಂತೆ ಕುಳ್ಳಾಗುವುವು, ಹೆಚ್ಚು ಮಟ್ಟಸವಾಗಿ ಬಂದರೆ ಸಾಯಂಕಾಲದ ನೆರಳಿನಂತೆ ನೀಳವಾಗುವುವು. ಹೈಸ್ಕೂಲಿನಲ್ಲಿ ಕೋನಾರ್ಧಕ ರೇಖೆಯನ್ನು ಎಳೆಯಲಾರದೆ ಬೆಂಚಿನ ಮೇಲೆ ನಿಂತವನು ನಾನು. ಅದು ಕಡೆಗೂ ನನ್ನ ಬಾಯಿಗೇ ಬಂದು ನೆಲಸಿತಲ್ಲ!

ಈ ಮಾರ್ಗದಲ್ಲಿ ಫಿಲ್ಮನ್ನು ಹಿಡಿಯತಕ್ಕವನು ರೋಗಿಯೇ. ಬಲಗೈಯ ಹೆಬ್ಬೆರಳನ್ನು ಬಾಯೊಳಗೆ ತೂರಿಸಿ, ಉಳಿದ ನಾಲ್ಕು ಬೆರಳುಗಳನ್ನು ಕೆನ್ನೆಯ ಬದಿಗೆ ನೆಟ್ಟಗೆ ಚಾಚಿ ಕುಳಿತಿರಬೇಕು. “ನೀವೇ ಕೊಂಚ ಹಿಡಿದುಕೊಳ್ಳಬಾರದೇನಮ್ಮ?” ಎಂದೆನು. “ನಾವು ಹಿಡಿಯಕೂಡದು ಸರ್” ಎಂದರು. ಫೀಸು ಕೊಟ್ಟವನ ಬಾಯಿಗೆ ಬೆರಳಿಡಲೂ ಹೇಸುವ ಕಾಲ ಬಂದಿತೇ ಎಂದು ನನಗೆ ಸಿಟ್ಟು ಬಂದಿತು. ಆದರೆ ಸಿಟ್ಟಿಗಿಂತ ಮುಂಚೆ ಓಕರಿಕೆ ಬಂದಿತು. ಫಿಲ್ಮು ಅಂಗುಳನ್ನು ಮುಟ್ಟಿದೊಡನೆ ನನ್ನ ಗಂಟಲು ಮಾಡಿದ ಘೋಷವನ್ನು ಕೇಳಿ ಹೊರಗೆ ಕುಳಿತಿದ್ದ ಇಬ್ಬರು ರೋಗಿಗಳು ಎದ್ದುಹೋದರಂತೆ. ಇದಕ್ಕೂ ಪ್ರತಿವಿಧಿಯುಂಟು: “ಮೂಗಿನಿಂದ ಉಸಿರಾಡಿ, ಎಡಗಾಲನ್ನು ಮೇಲಕ್ಕೆತ್ತಿ ಅದನ್ನೇ ನೋಡುತ್ತಿರಿ, ಗಮನ ಅತ್ತ ಹೋದರೆ ಓಕರಿಕೆ ತಗ್ಗುತ್ತದೆ” ಎಂದರು. ಹೀಗೆ ಕೊರಳವರೆಗೆ ಸೀಸದ ಮೇಲಂಗಿಯನ್ನು ಹೊದ್ದು, ಹೆಬ್ಬೆರಳನ್ನು ಬಾಯಲ್ಲಿಟ್ಟು, ಎಡಪಾದವನ್ನು ಅಂತರಿಕ್ಷದಲ್ಲಿ ನಿಲ್ಲಿಸಿ, ವಿರಕ್ತನಂತೆ ಅದನ್ನೇ ದಿಟ್ಟಿಸುತ್ತಿದ್ದ ಆ ಶುಭಮುಹೂರ್ತದಲ್ಲಿ ಬಾಗಿಲು ತೆರೆದು ಸ್ಥೂಲಕಾಯದ ಗೃಹಸ್ಥನೊಬ್ಬನು ಒಳಗೆ ಬಂದು, “ಮೇಷ್ಟ್ರೇ! ನಮಸ್ಕಾರ! ಗುರುತು ಸಿಕ್ಕಿತೆ?” ಎಂದನು.

ಹಿಂದಿನ ಬೆಂಚಿನ ಹಳೆಯ ಶಿಷ್ಯ. ಗುರುತು ಸಿಕ್ಕಿತು, ಹೇಳುವ ಬಗೆ ಹೇಗೆ? ನಾನು ಕಣ್ಣರಳಿಸಿದೆನು. ಅವನ ದೃಷ್ಟಿ ನನ್ನ ಕಣ್ಣನ್ನು ಬಿಟ್ಟು ತನ್ನತ್ತ ಚಾಚಿದ್ದ ಪಾದದ ಮೇಲೆ ಬಿದ್ದಿತು. ವಯಸ್ಸಾದ ಗುರುವು ಶಿಷ್ಯನಿಗೆ ಬಗ್ಗುವ ಶ್ರಮವನ್ನು ತಪ್ಪಿಸಲೆಂದು ಪಾದವನ್ನೇ ಎತ್ತಿ ನೀಡಿರುವನೆಂದು ಭಾವಿಸಿದನೋ ಏನೋ, ಆ ಪುಣ್ಯಾತ್ಮನು ಕಣ್ತುಂಬಿಕೊಂಡು, ಎರಡು ಕೈಗಳಿಂದಲೂ ಅದನ್ನು ಹಿಡಿದು ಕಣ್ಣಿಗೊತ್ತಿಕೊಂಡನು. ನನಗೆ ಅಂಗಾಲಿನಲ್ಲಿ ಕಚಗುಳಿ ಬಹಳ. ಕಾಲನ್ನು ಎಳೆದುಕೊಳ್ಳೋಣವೆಂದರೆ ಬಿಡನು; ಬೇಡವೆಂದು ಸೂಚಿಸಲು ಕೆನ್ನೆಯ ಬಳಿಯ ನಾಲ್ಕು ಬೆರಳುಗಳನ್ನು ಆಡಿಸಿದೆನು. “ನಾಲ್ಕಲ್ಲ ಮೇಷ್ಟ್ರೇ, ಎರಡೇ! ದೊಡ್ಡವಳ ಮದುವೆ ಆಯಿತು, ಚಿಕ್ಕವನು ಪೀಯೂಸಿ” ಎಂದು ಆತನು ವಂಶವೃತ್ತಾಂತಕ್ಕೆ ತೊಡಗಿದನು. “ಆಂ, ಊಂ” ಎಂದು ನಾನು ಹೊರಡಿಸಿದ ಧ್ವನಿಯನ್ನು ಆಶೀರ್ವಾದವೆಂದು ಸ್ವೀಕರಿಸಿದನು. ಡಾಕ್ಟರಮ್ಮನವರು ಅವನನ್ನು ಹೊರಕ್ಕೆ ಕಳುಹಿಸುವಷ್ಟರಲ್ಲಿ ಫಿಲ್ಮು ನನ್ನ ಮಡಿಲಲ್ಲಿ ಬಿದ್ದಿತ್ತು, ನಗೆ ತಡೆಯಲಾರದೆ ಅವರು ಗೋಡೆಗೆ ಒರಗಿದ್ದರು.

ಎರಡನೆಯ ಫಿಲ್ಮನ್ನು ಹೊರತೆಗೆಯುವಾಗ ಅವರು ಕೆಲ್ಸ್ ಎಂಬಾತನ ಕಥೆಯನ್ನು ಹೇಳಿದರು. ಅಮೆರಿಕದ ನ್ಯೂ ಆರ್ಲಿಯನ್ಸಿನ ದಂತವೈದ್ಯ. 1896ರಿಂದಲೇ ಈ ವಿದ್ಯೆಯನ್ನು ಕೈಗೊಂಡು ಇತರರಿಗೂ ಕಲಿಸಿದವನು. ಕಿರಣದ ಹದವನ್ನು ನೋಡಲು ಪ್ರತಿಸಲವೂ ತನ್ನ ಕೈಯನ್ನೇ ಅದರ ಮುಂದೆ ಹಿಡಿಯುತ್ತಿದ್ದನು. ಆ ಕೈಗೆ ಅರ್ಬುದ ಹತ್ತಿತು. ಮೊದಲು ಬೆರಳುಗಳು ಹೋದುವು, ಆಮೇಲೆ ತೋಳು ಹೋಯಿತು. 1928ರಲ್ಲಿ ನೋವನ್ನು ಸಹಿಸಲಾರದೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ರೋಗಿಯ ಬೆರಳಿಗೆ ಎಂದೋ ಒಮ್ಮೆ ತಗಲುವ ಕಿರಣ ವೈದ್ಯನ ಬೆರಳಿಗಾದರೆ ದಿನವೂ ತಗಲುವುದು. ನಾನು ಮಾತಿಲ್ಲದೆ ಹೆಬ್ಬೆರಳನ್ನು ಸ್ವಸ್ಥಾನದಲ್ಲಿಟ್ಟೆನು. ಓಕರಿಕೆ ಬರಲಿಲ್ಲ, ಕಾಲನ್ನು ಮಾತ್ರ, ಬಾಗಿಲ ಕಡೆ ಒಮ್ಮೆ ನೋಡಿ, ಎತ್ತಿದೆನು.

ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಕಿರಣವನ್ನು ತಡೆದ ಗಟ್ಟಿಯಾದುದೆಲ್ಲ ಬಿಳುಪು, ಬಿಟ್ಟುಕೊಟ್ಟುದೆಲ್ಲ ಕಪ್ಪು: ಹುಳುಕು ಕಪ್ಪು ಕಲೆಯಾಗಿ ಹಲ್ಲಿನ ಒಡಲನ್ನು ಹೊಕ್ಕಿತ್ತು, ಹಿಂದೆಂದೋ ತುಂಬಿಸಿದ ಬೆಳ್ಳಿ ಅಚ್ಚ ಬಿಳಿಯ ಉಂಡೆಯಾಗಿ ಹೊಳೆಯುತ್ತಿತ್ತು. ಹಲ್ಲಿನ ಚಿಕಿತ್ಸೆಗೆ ಮುಂದಿನ ವಾರ ಬರುವೆನೆಂದು ಹೇಳಿ, ಫಿಲ್ಮನ್ನು ಬೇಡಿ ತಂದು, ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ತೋರಿಸತೊಡಗಿದೆನು. ಫಿಲ್ಮಿನ ಮೂಲೆಯಲ್ಲಿ ಉಬ್ಬಿದ ಚುಕ್ಕೆಯೊಂದಿದೆ, ಅದರ ಉಬ್ಬು ನಮ್ಮ ಕಡೆಗಿರುವಂತೆ ಹಿಡಿಯಬೇಕೆಂದು ನಾನು ಹೇಳುವುದರೊಳಗೆ ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರು ಅದನ್ನು ತಲೆಕೆಳಗಾಗಿ ಕಿಟಕಿಗೆ ಹಿಡಿದು, ಬಿಳಿಯ ಉಂಡೆಯ ಮೇಲೆ ಬೆರಳಿಟ್ಟು, “ಕಿಡ್ನಿಯಲ್ಲಿ ಕಲ್ಲು ಸ್ವಾಮಿ, ಸ್ಪಷ್ಟವಾಗಿದೆ” ಎಂದರು. ನನ್ನಾಕೆಗೆ ಅವರ ಮಾತಿನಲ್ಲಿ ಅಪಾರ ವಿಶ್ವಾಸ. ಮರುದಿನದಿಂದ ಬೆಳಗ್ಗೆ ಲೋಟದ ತುಂಬ ಬಾಳೆದಿಂಡಿನ ರಸ ಬರತೊಡಗಿತು. ನೋವಿಲ್ಲದ ಬಲದವಡೆಯ ಕಡೆಯಿಂದ ಕುಡಿಯುತ್ತಿದ್ದೇನೆ.